ಕುದುರೆ ಪಂದ್ಯದ ಮಾತು, ಸಂಭವನೀಯತೆಯ ಪಾಠ

ಸಂಭವನೀಯತೆ ಘಟಕಕ್ಕೆ ಪಾಠ ಯೋಜನೆ ಬರೆಯುವಾಗ ನಾವೆಲ್ಲ ನಾಣ್ಯ, ದಾಳ, ಇಸ್ಪೀಟೆಲೆಗಳನ್ನೇ ಹಿಡಿಯುತ್ತೇವೆ. ಆದರೆ ಬೆಂಗಳೂರು, ಮೈಸೂರಿನ ಮಕ್ಕಳ ಕಿವಿಗೆ ರೇಸ್‌ಕೋರ್ಸಿನ ಮಾತೂ ಬೀಳುತ್ತಿರುತ್ತದೆ. ಫೇವರಿಟ್, ಬುಕ್ಕಿ, ಟಿಪ್, ಜಾಕ್‌ಪಾಟ್ ಎಂಬ ಪದಗಳು ಅವರಿಗೆ ಗೊತ್ತು. ಅವುಗಳ ಒಳಗಿರುವ ಲೆಕ್ಕ ಗೊತ್ತಿಲ್ಲ.

ಅಳತೆಯ ಪದಗಳು ಸುಲಭ. ಅಜ್ಜಂದಿರು ಈಗಲೂ ಹೇಳುವ ಫರ್ಲಾಂಗು ಎಂದರೆ 220 ಗಜ, ಸುಮಾರು 201 ಮೀಟರ್. ಎಂಟು ಸೇರಿದರೆ ಒಂದು ಮೈಲಿ. ಕುದುರೆಯ ಎತ್ತರವನ್ನು ‘ಹ್ಯಾಂಡ್’ನಲ್ಲಿ ಹೇಳುತ್ತಾರೆ, ಒಂದಕ್ಕೆ 4 ಅಂಗುಲ. ಗೆಲುವಿನ ಅಂತರಕ್ಕೆ ‘ಲೆಂಗ್ತ್’, ‘ನೆಕ್’, ‘ಶಾರ್ಟ್ ಹೆಡ್’ ಎನ್ನುತ್ತಾರೆ, ಅಂದರೆ ಕುದುರೆಯ ಮೈಯೇ ಅಳತೆಗೋಲು. ನಮ್ಮ ಗೇಣು, ಮೊಳದ ಜೊತೆ ಇಟ್ಟು ಐದು ನಿಮಿಷದಲ್ಲಿ ಮುಗಿಸಬಹುದು.

ನಿಜವಾದ ಪಾಠವಿರುವುದು ‘ತ್ರೀ ಟು ಒನ್’ ಎಂಬ ಮಾತಿನಲ್ಲಿ. ಒಂದು ರೂಪಾಯಿ ಕಟ್ಟಿ ಗೆದ್ದರೆ ಮೂರು ರೂಪಾಯಿ ಲಾಭ, ಕಟ್ಟಿದ ಒಂದೂ ವಾಪಸು. ಈ ದರಕ್ಕೆ ಸರಿಹೊಂದುವ ಸಂಭವನೀಯತೆ 1/4. ಮಕ್ಕಳು ಥಟ್ಟನೆ 1/3 ಎನ್ನುತ್ತಾರೆ. ಅಲ್ಲಿ ನಿಂತು ಬಿಡಿಸಬೇಕು. ಲಾಭ ಮತ್ತು ಕಟ್ಟಿದ ಹಣ ಎರಡನ್ನೂ ಕೂಡಿಸಿದ ಮೊತ್ತವೇ ಛೇದ.

ಈಗ ಕಪ್ಪು ಹಲಗೆಯ ಮೇಲೆ ನಾಲ್ಕು ಕುದುರೆಗಳು. ದರಗಳು: ಈವನ್ ಮನಿ (ಒಂದಕ್ಕೆ ಒಂದು), ಒಂದಕ್ಕೆ ಎರಡು, ಒಂದಕ್ಕೆ ನಾಲ್ಕು, ಒಂದಕ್ಕೆ ಒಂಬತ್ತು. ಭಿನ್ನರಾಶಿಗಳು 1/2, 1/3, 1/5, 1/10. ಕೂಡಿಸಿದರೆ 34/30. ಎಲ್ಲ ಫಲಿತಾಂಶಗಳ ಸಂಭವನೀಯತೆಗಳ ಮೊತ್ತ 1 ಎಂದು ಕಲಿತ ಮಕ್ಕಳಿಗೆ ಕೂಡಿದ್ದೇ ತಪ್ಪೇನೋ ಅನ್ನಿಸುತ್ತದೆ. ತಪ್ಪಿಲ್ಲ. ಈ ಕುದುರೆಗಳ ಮೇಲೆ ಜನ ಕ್ರಮವಾಗಿ 15, 10, 6, 3 ರೂಪಾಯಿ ಕಟ್ಟಿದರು ಎನ್ನಿ. ಬುಕ್ಕಿಯ ಕೈಗೆ ಬಂದದ್ದು 34. ಯಾವುದೇ ಕುದುರೆ ಗೆಲ್ಲಲಿ, ಅವನು ಕೊಡಬೇಕಾದದ್ದು 30. ಉಳಿದ 4 ಅವನದು. ಅವನಿಗೆ ಕುದುರೆಯ ಹೆಸರೂ ಬೇಕಿಲ್ಲ!

ಮುಂದಿನ ತರಗತಿಯವರಿಗೆ ಕ್ರಮಯೋಜನೆ, ವಿಕಲ್ಪಗಳೂ ಇಲ್ಲೇ ಸಿಗುತ್ತವೆ. ಮೊದಲೆರಡು ಕುದುರೆಗಳನ್ನು ಕ್ರಮವಾಗಿ ಹೇಳುವುದು ‘ಫೋರ್‌ಕಾಸ್ಟ್’, ಕ್ರಮವಿಲ್ಲದೆ ಹೇಳುವುದು ‘ಕ್ವಿನೆಲ್ಲಾ’, ಮೊದಲ ಮೂರನ್ನು ಕ್ರಮವಾಗಿ ಹೇಳುವುದು ‘ತನಾಲಾ’. ಎಂಟು ಕುದುರೆ ಓಡಿದರೆ ಸಾಧ್ಯತೆಗಳು 56, 28 ಮತ್ತು 336. ಕ್ರಮಕ್ಕೆ ಬೆಲೆಯಿದೆಯೇ ಇಲ್ಲವೇ ಎಂಬ ವ್ಯತ್ಯಾಸ ಚೀಟಿಯ ಹೆಸರಿನಲ್ಲೇ ಇದೆ.

ಜೂಜನ್ನು ತರಗತಿಗೆ ತರಬಾರದು ಎಂಬ ಆಕ್ಷೇಪ ನಮ್ಮ ವಿಧಾನ ಬೋಧಕರಿಂದಲೇ ಬರಬಹುದು, ಅದು ಹಗುರವಾದದ್ದಲ್ಲ. ಸಂಬಳದ ದಿನ ರೇಸಿಗೆ ಹೋದ ಅಪ್ಪನಿಗಾಗಿ ಕಾಯುವ ಮಗುವೂ ಬೆಂಚಿನಲ್ಲಿ ಕೂತಿರಬಹುದು. ಹಾಗಾಗಿ ‘ನಿಮ್ಮ ಮನೆಯಲ್ಲಿ ಯಾರು ರೇಸಿಗೆ ಹೋಗುತ್ತಾರೆ’ ಎಂದು ಕೇಳಲೇಬಾರದು, ಆಡಿಸಿಯೂ ತೋರಿಸಬಾರದು. ಆದರೆ ಆ ಮಗುವಿಗೆ ಉಪದೇಶಕ್ಕಿಂತ ಆ 34 ಮತ್ತು 30 ಹೆಚ್ಚು ಹೇಳುತ್ತವೆ ಎಂದು ನನ್ನ ನಂಬಿಕೆ. ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ, ನಿಜ. ಕೌಶಲವಿದ್ದವನೂ ಆ ನಾಲ್ಕು ರೂಪಾಯಿಯನ್ನು ದಾಟಿಯೇ ಗೆಲ್ಲಬೇಕು.

ಮನೆಗೆಲಸಕ್ಕೆ: ಮೇಲಿನ ಪಟ್ಟಿಗೆ ಒಂದಕ್ಕೆ ಹದಿನಾಲ್ಕು ದರದ ಐದನೇ ಕುದುರೆ ಸೇರಿತು, ಅದರ ಮೇಲೆ 2 ರೂಪಾಯಿ ಬಂತು. ಬುಕ್ಕಿಗೆ ಈಗ ಉಳಿಯುವುದೆಷ್ಟು?