ಗಿಡಗಳ ಲ್ಯಾಟಿನ್ ಹೆಸರು: ಕಲಿಯುವ ಬಗೆ, ನೆನಪಿಡುವ ಬಗೆ



ಮಳೆಗಾಲದಲ್ಲಿ ನಮ್ಮ ಸಂಘದ ಮಳಿಗೆಗೆ ಬರುವ ಸದಸ್ಯರಲ್ಲಿ ಅನೇಕರು ಕೇಳುವುದು ಒಂದೇ ಮಾತು: "ಕೊಳೆಗೆ ಔಷಧಿ ಕೊಡಿ." ಯಾವ ಕೊಳೆ ಎಂದು ಮರಳಿ ಕೇಳಿದರೆ ಕೆಲವರಿಗೆ ಬೇಸರ. ಕೊಳೆ ಎಂದರೆ ಕೊಳೆಯೇ ಅಲ್ಲವೇ ಎನ್ನುತ್ತಾರೆ. ಅಡಿಕೆಯ ಕೊಳೆರೋಗವೇ ಬೇರೆ, ಕಾಫಿಯ ಕೊಳೆರೋಗವೇ ಬೇರೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಹೆಸರಿರುವುದರಿಂದ ಈ ಗೊಂದಲ. ಗೊಂದಲದ ಬೆಲೆಯನ್ನು ತೆರುವವನು ಮಾತ್ರ ಬೆಳೆಗಾರನೇ.

ಹಾಗೆಯೇ ಒಂದೇ ಗಿಡಕ್ಕೆ ಊರಿಗೊಂದು ಹೆಸರಿರುವುದೂ ಉಂಟು. ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬರುವವರನ್ನು ಮಾತನಾಡಿಸಿ ನೋಡಿ. ನಾವು ಕಡಲೆಕಾಯಿ ಎಂದರೆ ಹುನಗುಂದದವರು ಶೇಂಗಾ ಎನ್ನುತ್ತಾರೆ. ನಮ್ಮ ಸೀಬೆ ಅವರಿಗೆ ಪೇರಲ. ನಮ್ಮ ಈರುಳ್ಳಿ ಅವರಿಗೆ ಉಳ್ಳಾಗಡ್ಡಿ. ಮನೆಯ ಮಾತಿಗೆ ಇದರಿಂದ ತೊಂದರೆಯಿಲ್ಲ. ಸಸಿ ತರಿಸುವಾಗ, ರೋಗದ ಎಲೆಯನ್ನು ಪರೀಕ್ಷೆಗೆ ಕಳಿಸುವಾಗ, ಔಷಧಿಯ ಡಬ್ಬಿಯ ಮೇಲಿನ ಚೀಟಿ ಓದುವಾಗ ಮಾತ್ರ ಎಲ್ಲೆಡೆ ಸಲ್ಲುವ ಒಂದು ಹೆಸರು ಬೇಕಾಗುತ್ತದೆ. ಅದೇ ಲ್ಯಾಟಿನ್ ಹೆಸರು. ಅದನ್ನು ಕಲಿಯುವುದು ಪಂಡಿತರ ಕೆಲಸವೆಂದು ಹೆದರಬೇಕಾಗಿಲ್ಲ.

ಎರಡು ಮಾತಿನ ಹೆಸರು

ಸ್ವೀಡನ್ ದೇಶದ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿ ಗಿಡಕ್ಕೂ ಎರಡು ಮಾತಿನ ಹೆಸರು ಕೊಟ್ಟನು. ಮೊದಲ ಮಾತು ಜಾತಿ, ಎರಡನೆಯದು ಪ್ರಭೇದ. ಬಾಗಲಕೋಟೆಯ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರಿನ ಮನೆತನಗಳಿವೆಯಷ್ಟೆ. ಅಡ್ಡಹೆಸರನ್ನು ಮೊದಲು ಹೇಳಿ ಆಮೇಲೆ ಸ್ವಂತ ಹೆಸರು ಹೇಳಿದಂತೆ ಇದು. ರೋಮನ್ ಲಿಪಿಯಲ್ಲಿ ಬರೆಯುವಾಗ ಮೊದಲ ಮಾತನ್ನು ದೊಡ್ಡಕ್ಷರದಿಂದ, ಎರಡನೆಯದನ್ನು ಚಿಕ್ಕಕ್ಷರದಿಂದ ಆರಂಭಿಸುತ್ತಾರೆ. ಅಚ್ಚಿನಲ್ಲಿ ಎರಡನ್ನೂ ಓರೆಯಾಗಿ ಹಾಕುತ್ತಾರೆ.

ಕಾಳುಮೆಣಸು ಪೈಪರ್ ನೈಗ್ರಮ್. ವೀಳ್ಯದೆಲೆ ಪೈಪರ್ ಬೀಟಲ್. ಹಿಪ್ಪಲಿ ಪೈಪರ್ ಲಾಂಗಮ್. ಮೂರಕ್ಕೂ ಮನೆತನ ಒಂದೇ. ಬಳ್ಳಿ, ಎಲೆಗಳ ಹೋಲಿಕೆಯೇ ಸಾಕ್ಷಿ. ಮೆಣಸಿನಕಾಯಿಯಾದರೋ ಕ್ಯಾಪ್ಸಿಕಮ್. ಕನ್ನಡದಲ್ಲಿ ಹೆಸರು ಹತ್ತಿರವಿದ್ದರೂ ಇವು ನೆಂಟರಲ್ಲ.

ಎರಡನೆಯ ಮಾತೊಂದನ್ನೇ ಹಿಡಿದುಕೊಂಡರೆ ಸಾಲದು. ನೆರಳಿಗೆ ಹಾಕುವ ಸಿಲ್ವರ್ ಓಕ್ ಮರದ ಹೆಸರು ಗ್ರೆವಿಲಿಯಾ ರೊಬಸ್ಟಾ. ನಾವು ರೊಬಸ್ಟಾ ಎನ್ನುವ ಕಾಫಿಯ ಹೆಸರು ಕಾಫಿಯಾ ಕೆನೆಫೋರಾ. ರೊಬಸ್ಟಾ ಎಂದರೆ ಬಲಿಷ್ಠ ಎಂದಷ್ಟೇ ಅರ್ಥ.

ಕೊಳೆರೋಗದ ಪಾಠ

1876ರಲ್ಲಿ ಕುಕ್ ಎಂಬ ವಿಜ್ಞಾನಿ ಮೈಸೂರು ಸೀಮೆಯ ಕಾಫಿ ಎಲೆಯ ಮೇಲಿನ ಶಿಲೀಂಧ್ರಕ್ಕೆ ಪೆಲಿಕ್ಯುಲೇರಿಯಾ ಕೊಲೆರೋಗಾ ಎಂದು ಹೆಸರಿಟ್ಟನು. ಗಮನಿಸಿ: ನಮ್ಮ ಬೆಳೆಗಾರರ ಬಾಯಿಯ ಕೊಳೆರೋಗವೇ ಲ್ಯಾಟಿನ್ ಹೆಸರಾಗಿ ನಿಂತಿದೆ. ಮುಂದೆ ಮೊದಲ ಮಾತು ಹಲವು ಸಲ ಬದಲಾಯಿತು. ಕಾರ್ಟಿಸಿಯಮ್ ಕೊಲೆರೋಗಾ, ಕೊಲೆರೋಗಾ ನಾಕ್ಸಿಯಾ ಎಂಬ ಹೆಸರುಗಳೂ ಪುಸ್ತಕಗಳಲ್ಲಿ ಸಿಗುತ್ತವೆ.

ಅಡಿಕೆಯ ಕೊಳೆಗೆ ಕಾರಣ ಫೈಟಾಫ್ತೊರಾ ಎಂಬ ಜಾತಿ. ಗ್ರೀಕ್ ಮೂಲದಲ್ಲಿ ಇದಕ್ಕೆ ಗಿಡಗಳನ್ನು ಹಾಳುಮಾಡುವುದು ಎಂದರ್ಥ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅವರು 1910ರಲ್ಲೇ ಈ ರೋಗದ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. ಈ ಫೈಟಾಫ್ತೊರಾ ನಿಜವಾದ ಶಿಲೀಂಧ್ರಗಳ ಗುಂಪಿಗೇ ಸೇರಿದ್ದಲ್ಲ. ಆದ್ದರಿಂದ ಕಾರ್ಬೆಂಡಜಿಮ್‌ನಂಥ ಔಷಧಿ ಕಾಫಿಯ ಕೊಳೆಗೆ ನಾಟಿದರೂ ಅಡಿಕೆಯ ಕೊಳೆಗೆ ನಾಟದು. ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ, ಎರಡಕ್ಕೂ ಆಗುತ್ತದೆ. ಅದಕ್ಕೇ ನಮ್ಮ ಹಿರಿಯರಿಗೆ ಹೆಸರಿನ ಗೊಂದಲ ಅಷ್ಟಾಗಿ ಕಾಡಲಿಲ್ಲ. ಡಬ್ಬಿಯ ಔಷಧಿಗಳು ಬಂದ ಮೇಲೆ ಹೆಸರು ತಿಳಿಯದೆ ವಿಧಿಯಿಲ್ಲ.

ಇನ್ನೊಂದು ಲಾಭ ನೋಡಿ. ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ತೊರಾ ಕ್ಯಾಪ್ಸಿಸಿ. ಅಡ್ಡಹೆಸರು ಅದೇ. ನೆಂಟಸ್ತನ ತಿಳಿದವನು ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬುಡದಲ್ಲಿ ನೀರು ನಿಲ್ಲಗೊಡುವುದಿಲ್ಲ. ಒಂದಕ್ಕೆ ಮದ್ದು ಹೊಡೆಯುವಾಗ ಇನ್ನೊಂದನ್ನೂ ನೋಡುತ್ತಾನೆ.

ನಾಲ್ಕು ಊರಿನ ದಾರಿ

ಇನ್ನು ನೆನಪಿನ ಮಾತು. ಹೆಸರುಗಳನ್ನು ಒಂದು ದಾರಿಯ ಊರುಗಳಿಗೆ ಕಟ್ಟಿದರೆ ಅವು ಕಳೆದುಹೋಗುವುದಿಲ್ಲ. ಬಾದಾಮಿಯಿಂದ ಹೊರಟು ಬಾಗಲಕೋಟೆ, ಹುನಗುಂದ ಹಾದು ಇಳಕಲ್ಲಿಗೆ ಹೋಗುವ ದಾರಿಯನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಅದು ಅಡಿಕೆ ಕಾಫಿಯ ಸೀಮೆಯಲ್ಲ. ಆದರೂ ನಮ್ಮ ಬೆಳೆಗಾರರಿಗೆ ಸಂಬಂಧವಿಲ್ಲದ ದಾರಿಯಲ್ಲ ಎಂಬುದನ್ನು ಮುಂದೆ ನೋಡುವಿರಿ.

*ಬಾದಾಮಿ.* ಇಲ್ಲಿ ಒಂದೇ ಹೆಸರಿನ ಗೊಂದಲವನ್ನು ನೆನೆಯಿರಿ. ಅಂಗಡಿಯಲ್ಲಿ ಕೊಳ್ಳುವ ಬಾದಾಮಿ ಪ್ರೂನಸ್ ಡಲ್ಸಿಸ್. ಡಲ್ಸಿಸ್ ಎಂದರೆ ಸಿಹಿ. ಶಾಲೆಯ ಅಂಗಳದಲ್ಲಿ ಕೊಡೆಯಂತೆ ಹರಡುವ ಕಾಡುಬಾದಾಮಿ ಟರ್ಮಿನೇಲಿಯಾ ಕಟಪ್ಪ. ಬಾದಾಮಿ ಮಾವು ಮ್ಯಾಂಜಿಫೆರಾ ಇಂಡಿಕಾದ ಒಂದು ತಳಿ. ಬರೀ ಬಾದಾಮಿ ಸಸಿ ಕಳಿಸಿ ಎಂದು ಬರೆದರೆ ಏನು ಬಂದೀತು? ಟರ್ಮಿನೇಲಿಯಾ ಎಂದರೆ ತುದಿಯದು. ಎಲೆಗಳು ರೆಂಬೆಯ ತುದಿಯಲ್ಲಿ ಗುಂಪಾಗಿರುವುದರಿಂದ ಆ ಹೆಸರು. ನಮ್ಮ ಕಾಡಿನ ತಾರೆ ಟರ್ಮಿನೇಲಿಯಾ ಬೆಲಿರಿಕಾ, ಅಳಲೆ ಟರ್ಮಿನೇಲಿಯಾ ಚೆಬುಲಾ, ಹೊಳೆಮತ್ತಿ ಟರ್ಮಿನೇಲಿಯಾ ಅರ್ಜುನ. ಎಲ್ಲವೂ ಒಂದೇ ಮನೆತನ.

*ಬಾಗಲಕೋಟೆ.* 2008ರಲ್ಲಿ ಇಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಡಿಕೆ ಸೀಮೆಯ ನಡುವಿನ ಶಿರಸಿಯ ತೋಟಗಾರಿಕೆ ಕಾಲೇಜು ಇದಕ್ಕೇ ಸೇರಿದೆ. ಹಣ್ಣು ತೋಟದ ಈ ಊರಿಗೆ "ಫೆರಾ" ಎಂಬ ಬಾಲವನ್ನು ಕಟ್ಟಿ. ಫೆರಾ ಎಂದರೆ ಹೊರುವುದು, ಬಿಡುವುದು. ತೆಂಗು ಕೋಕಸ್ ನ್ಯೂಸಿಫೆರಾ, ಕಾಯಿ ಬಿಡುವುದು. ದ್ರಾಕ್ಷಿ ವೈಟಿಸ್ ವಿನಿಫೆರಾ, ದ್ರಾಕ್ಷಾರಸ ಕೊಡುವುದು. ನುಗ್ಗೆ ಮೊರಿಂಗಾ ಓಲಿಫೆರಾ, ಎಣ್ಣೆ ಕೊಡುವುದು. ಮಾವು ಮ್ಯಾಂಜಿಫೆರಾ, ಮಾಂಗಾ ಬಿಡುವುದು. ಕಾಫಿಯ ಕೆನೆಫೋರಾ ಗ್ರೀಕ್ ಮೂಲದ್ದು. ಬುಟ್ಟಿ ಹೊತ್ತದ್ದು ಎಂದರ್ಥ. ಎಚ್ಚರಿಕೆ: ಫೈಟಾಫ್ತೊರಾದ ಬಾಲ ಕಿವಿಗೆ ಹತ್ತಿರವೆನಿಸಿದರೂ ಬೇರೆ. ಕೆನೆಫೋರಾ ಹೊರುವುದು, ಫೈಟಾಫ್ತೊರಾ ಹಾಳುಮಾಡುವುದು.

*ಹುನಗುಂದ.* ಎರೆಭೂಮಿಯ ಊರು. ಕಡಲೆಯ ಹೆಸರು ಸೈಸರ್ ಅರೈಟಿನಮ್. ಅರೈಟಿನಮ್ ಎಂದರೆ ಟಗರಿನಂಥದು. ಒಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿ, ಕೊಕ್ಕು ಚಾಚಿದ ಆ ಕಾಳು ಟಗರಿನ ತಲೆಯಂತೆಯೇ ಕಾಣುತ್ತದೆ. ಶೇಂಗಾ ಅರಾಕಿಸ್ ಹೈಪೋಜಿಯಾ. ಹೈಪೋಜಿಯಾ ಎಂದರೆ ನೆಲದಡಿಯದು. ಸೂರ್ಯಕಾಂತಿ ಹೀಲಿಯಾಂಥಸ್ ಆನ್ಯುಅಸ್. ಮೊದಲ ಮಾತಿಗೆ ಸೂರ್ಯನ ಹೂ, ಎರಡನೆಯದಕ್ಕೆ ಒಂದು ವರ್ಷದ ಬಾಳಿನದು ಎಂದರ್ಥ. ಹೆಸರೇ ಗಿಡದ ವರ್ಣನೆ ಎಂಬುದು ಈ ಊರಿನ ಪಾಠ. ನೈಗ್ರಮ್ ಎಂದರೆ ಕಪ್ಪು ಎಂದು ತಿಳಿದರೆ ಕಾಳುಮೆಣಸಿನ ಹೆಸರೂ ನಿಂತಿತು.

*ಇಳಕಲ್ಲು.* ಮೊದಲು ಹುನಗುಂದ ತಾಲೂಕಿಗೆ ಸೇರಿದ್ದ ಈ ಊರು ಸೀರೆಗೆ ಹೆಸರಾದದ್ದು. ಇದಕ್ಕೆ ಬಣ್ಣದ ಹೆಸರುಗಳನ್ನು ಕಟ್ಟಿ. ಆ ಕಡೆಯ ಹೊಲದ ಕುಸುಬೆ ಕಾರ್ಥಮಸ್ ಟಿಂಕ್ಟೋರಿಯಸ್. ನೀಲಿ ಗಿಡ ಇಂಡಿಗೋಫೆರಾ ಟಿಂಕ್ಟೋರಿಯಾ. ಇಲ್ಲಿ ಬಾಗಲಕೋಟೆಯ ಫೆರಾ ಮತ್ತೆ ಬಂತು. ಟಿಂಕ್ಟೋರಿಯಸ್, ಟಿಂಕ್ಟೋರಿಯಾ ಎಂದರೆ ಬಣ್ಣ ಹಾಕಲು ಬಳಸುವುದು. ಕಾಫಿ ಸೇರಿರುವ ಕುಟುಂಬದ ಹೆಸರು ರೂಬಿಯೇಸಿ. ಕೆಂಪು ಬಣ್ಣ ಕೊಡುವ ಮಂಜಿಷ್ಠದ ಜಾತಿಯಾದ ರೂಬಿಯಾದಿಂದ ಅದು ಬಂದಿದೆ. ಕೇಪಳವೂ ಇದೇ ಕುಟುಂಬದ್ದು. ಕಾಫಿಯ ಹೂವನ್ನೂ ಕೇಪಳದ ಹೂವನ್ನೂ ಒಟ್ಟಿಗೆ ಹಿಡಿದು ನೋಡಿದರೆ ಹೋಲಿಕೆ ತಿಳಿಯುತ್ತದೆ.

ದಾಳಿಂಬೆಯವರು ಕಂಡ ನಷ್ಟ

ಬಾಗಲಕೋಟೆ ಜಿಲ್ಲೆಯಲ್ಲಿ ದಾಳಿಂಬೆ ಬೆಳೆಯುವವರು ಬಹಳ. ಅದರ ಹೆಸರು ಪ್ಯೂನಿಕಾ ಗ್ರನೇಟಮ್. ಗ್ರನೇಟಮ್ ಎಂದರೆ ಬೀಜ ತುಂಬಿದ್ದು. ಈ ಬೆಳೆಯನ್ನು ಹಣ್ಣಿನ ಮೇಲೆ ಚುಕ್ಕೆ ಬಿದ್ದು ಬಿರಿಯುವ ದುಂಡಾಣು ಅಂಗಮಾರಿ ರೋಗ ಕಾಡಿ ಎಷ್ಟೋ ತೋಟಗಳು ಹಾಳಾದವು. ಆದರೆ ಅಂಗಮಾರಿ ಎಂಬ ಮಾತನ್ನು ನಾವು ಆಲೂಗಡ್ಡೆಗೂ ಟೊಮೆಟೊಗೂ ಬಳಸುತ್ತೇವೆ. ಆಲೂಗಡ್ಡೆಯ ತಡ ಅಂಗಮಾರಿ ನಮ್ಮ ಫೈಟಾಫ್ತೊರಾದ ಬಳಗದ್ದು. ಟೊಮೆಟೊದ ಮುಂಚಿನ ಅಂಗಮಾರಿ ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ್ದು. ದಾಳಿಂಬೆಯದು ಕ್ಸಾಂಥೊಮೊನಾಸ್ ಎಂಬ ದುಂಡಾಣುವಿನದು. ಅದರ ಹೆಸರಿನ ಕೊನೆಗೆ "ಪ್ಯೂನಿಸೆ", ಅಂದರೆ ದಾಳಿಂಬೆಯ ಎಂಬ ಮಾತು ಸೇರಿದೆ. ದುಂಡಾಣುವಿಗೆ ಬರೀ ಶಿಲೀಂಧ್ರನಾಶಕ ಹೊಡೆಯುತ್ತ ಹೋದರೆ ಹಣವೂ ಹೋಯಿತು, ರೋಗ ತಡೆಯುವ ಹೊತ್ತೂ ಹೋಯಿತು. ಮೂರು ಅಂಗಮಾರಿಗೆ ಮೂರು ಲ್ಯಾಟಿನ್ ಹೆಸರು ತಿಳಿದವನಿಗೆ ಅಂಗಡಿಯಲ್ಲಿ ಏನು ಕೇಳಬೇಕು, ಏನು ಕೇಳಬಾರದು ಎಂಬುದು ತಿಳಿಯುತ್ತದೆ. ಬಯಲುಸೀಮೆಯ ಈ ಪಾಠ ನಮ್ಮ ಎರಡು ಕೊಳೆಗಳಿಗೂ ಹಾಗೆಯೇ ಹೊಂದುತ್ತದೆ.

ನಮ್ಮ ಮಾತುಗಳೇ ಅಲ್ಲಿವೆ

ಲ್ಯಾಟಿನ್ ಹೆಸರೆಲ್ಲ ಪರದೇಶದ್ದು ಎಂಬ ಸಂಕೋಚ ಬೇಡ. ಅಡಿಕೆ, ಅಡಕ್ಕ ಎಂಬ ನಮ್ಮ ನಾಡಿನ ಮಾತೇ ಪೋರ್ಚುಗೀಸರ ಬಾಯಲ್ಲಿ ಅರೆಕಾ ಆಯಿತು. ಅಡಿಕೆಯ ಹೆಸರು ಅರೆಕಾ ಕಟೆಚು. ಏಲಕ್ಕಿಯ ಎಲೆಟೇರಿಯಾ, ವೀಳ್ಯದ ಬೀಟಲ್ ಮಲಯಾಳದಿಂದ ಹೋದವು. ಮೊರಿಂಗಾ ತಮಿಳಿನ ಮುರುಂಗೈ.

ಹೆಸರನ್ನು ಕುರುಡಾಗಿ ನಂಬಲೂ ಬಾರದು. ಕಟೆಚು ಎಂದರೆ ಕಾಚು. ಕಾಚು ಬರುವುದು ಕಗ್ಗಲಿ ಮರದಿಂದಲೇ ಹೊರತು ಅಡಿಕೆಯಿಂದಲ್ಲ. ಆದರೂ ಅಡಿಕೆಗೆ ಆ ಹೆಸರು ಅಂಟಿಕೊಂಡಿತು. ಕಾಫಿಯಾ ಅರಾಬಿಕಾ ಎಂದರೂ ಅದರ ತವರು ಅರೇಬಿಯ ಅಲ್ಲ, ಇಥಿಯೋಪಿಯ. ಕಾಫಿ ಹಣ್ಣು ಕೊರೆಯುವ ಹುಳು ಹೈಪೊಥೆನಿಮಸ್ ಹಾಂಪೆಯಿ. ಅದು ನಮ್ಮ ಹಂಪೆಯಲ್ಲ, ಹಾಂಪೆ ಎಂಬ ವ್ಯಕ್ತಿಯ ಹೆಸರು. ಕಾಫಿ ಎಲೆಯ ತುಕ್ಕಿನ ಹೆಸರಾದ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಮಾತ್ರ ಅನ್ವರ್ಥ. ವ್ಯಾಸ್ಟಾಟ್ರಿಕ್ಸ್ ಎಂದರೆ ಧ್ವಂಸ ಮಾಡುವವಳು. 1869ರಲ್ಲಿ ಸಿಲೋನಿನ ತುಕ್ಕಿಗೆ ಆ ಹೆಸರು ಬಿತ್ತು. ಮುಂದೆ ಆ ದ್ವೀಪ ಕಾಫಿ ಬಿಟ್ಟು ಚಹಾ ಹಿಡಿಯಿತು.

ಕಲಿಯುವ ಕ್ರಮ

1. ವಾರಕ್ಕೆ ಐದೇ ಹೆಸರು. ಹೆಚ್ಚು ಬೇಡ.

2. ಒಂದು ಪುಸ್ತಕದಲ್ಲಿ ನಾಲ್ಕು ಕಂಬ ಎಳೆಯಿರಿ: ಊರಿನ ಹೆಸರು, ಲ್ಯಾಟಿನ್ ಹೆಸರು, ಅರ್ಥ, ಯಾವ ಮರ ಎಲ್ಲಿದೆ. ಕನ್ನಡ ಲಿಪಿಯಲ್ಲಿ ಬರೆದರೆ ಸಾಕು. ಡಬ್ಬಿಯ ಚೀಟಿ ಓದಬೇಕಾದ ಹೆಸರುಗಳನ್ನು ಮಾತ್ರ ರೋಮನ್ ಲಿಪಿಯಲ್ಲೂ ಬರೆದುಕೊಳ್ಳಿ.

3. ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀರಿ ಹೆಸರು ಬರೆದು ತೋಟದ ಮರಕ್ಕೆ ಸಡಿಲವಾಗಿ ಕಟ್ಟಿ. ದಿನವೂ ಓಡಾಡುವ ದಾರಿಯ ಮರಗಳಾದರೆ ಉತ್ತಮ. ಆ ದಾರಿಯೇ ನಿಮ್ಮ ನಾಲ್ಕು ಊರಿನ ದಾರಿಯಾಗುತ್ತದೆ.

4. ಹೆಸರನ್ನು ಗಟ್ಟಿಯಾಗಿ ಹೇಳಿ. ಉಚ್ಚಾರ ತಪ್ಪೀತೆಂದು ನಾಚಬೇಡಿ. ಲ್ಯಾಟಿನ್ ಈಗ ಯಾರ ಮನೆಮಾತೂ ಅಲ್ಲ.

5. ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ಪುಸ್ತಕ ಮುಚ್ಚಿ ಹೇಳಿಕೊಳ್ಳಿ. ಮರೆತದ್ದನ್ನು ಹೊಸ ವಾರದ ಐದರೊಳಗೆ ಸೇರಿಸಿ.

6. ಸಸಿ ಕೊಳ್ಳುವಾಗ ರಸೀತಿಯ ಮೇಲೆ ಲ್ಯಾಟಿನ್ ಹೆಸರನ್ನೂ ತಳಿಯ ಹೆಸರನ್ನೂ ಬರೆಸಿಕೊಳ್ಳಿ. ಒಂದೇ ಪ್ರಭೇದದಲ್ಲಿ ತಳಿ ಹಲವು ಇರುವುದರಿಂದ ಲ್ಯಾಟಿನ್ ಹೆಸರೊಂದೇ ಸಾಲದು.

ಕೊನೆಯದಾಗಿ ಒಂದು ಮಾತು. ಲ್ಯಾಟಿನ್ ಹೆಸರು ಬಂತೆಂದು ಊರಿನ ಹೆಸರನ್ನು ಬಿಡಬೇಡಿ. ಕೊಳೆರೋಗ ಎಂದು ಯಾರೋ ಬೆಳೆಗಾರ ಹೇಳಿದ್ದರಿಂದಲೇ ಕುಕ್ಕನ ಪುಸ್ತಕಕ್ಕೆ ಆ ಹೆಸರು ಸಿಕ್ಕಿತು. ಮಕ್ಕಳಿಗೆ ಎರಡನ್ನೂ ಕಲಿಸಿ.

ಅಭ್ಯಾಸ

ಪುಟ ಮುಚ್ಚಿ ಉತ್ತರಿಸಿ:

1. ಅಡಿಕೆಯ ಕೊಳೆಗೂ ಕಾಫಿಯ ಕೊಳೆಗೂ ಕಾರಣವಾದವುಗಳ ಹೆಸರೇನು? ಯಾವ ಮದ್ದು ಎರಡಕ್ಕೂ ಆಗುತ್ತದೆ?

2. ಫೆರಾ ಬಾಲದ ಐದು ಗಿಡಗಳು ಯಾವುವು?

3. ಟಗರಿನ ತಲೆಯ ಕಾಳು ಯಾವುದು?

4. ಮೂರು ಬಾದಾಮಿಗಳನ್ನು ಲ್ಯಾಟಿನ್ನಿನಲ್ಲಿ ಹೇಗೆ ಬೇರ್ಪಡಿಸುವಿರಿ?

5. ದಾಳಿಂಬೆಯ ಅಂಗಮಾರಿಗೂ ಆಲೂಗಡ್ಡೆಯ ತಡ ಅಂಗಮಾರಿಗೂ ವ್ಯತ್ಯಾಸವೇನು?

ಐದಕ್ಕೂ ಉತ್ತರ ಬಂದರೆ ಮುಂದಿನ ಸಲ ಮಳಿಗೆಗೆ ಬಂದಾಗ ಯಾವ ಕೊಳೆ ಎಂದು ನಾನು ಕೇಳಬೇಕಾಗುವುದಿಲ್ಲ.

— ಕಾರ್ಯದರ್ಶಿ