ಘಟ್ಟದ ಕಾಡು, ಘಟ್ಟದ ನೀರು

ಮಳೆ ಬಿಟ್ಟು ಆಕಾಶ ತಿಳಿಯಾದ ದಿನ ತಲ್ಲೂರಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಪಶ್ಚಿಮಘಟ್ಟದ ನೀಲಿ ಸಾಲು ಕಾಣುತ್ತದೆ. ಆ ಸಾಲಿನ ಕೊಡಚಾದ್ರಿಯ ಎತ್ತರ 1343 ಮೀಟರು. ತಲ್ಲೂರಿನಿಂದ ಅದಕ್ಕಿರುವ ನೇರ ದೂರವು ಸುಮಾರು 30 ಕಿಲೋಮೀಟರು ಮಾತ್ರ. ಇಷ್ಟು ಎತ್ತರದಿಂದ ಇಷ್ಟು ಕಿರಿದಾದ ನೆಲಕ್ಕೆ ಇಳಿಯಬೇಕಾದ ನೀರು ನಿಧಾನವಾಗಿ ಹರಿದು ಬರಲಾರದು, ಬೀಳಲೇಬೇಕು. ಕೊಲ್ಲೂರಿನ ಬಳಿಯ ಅರಸಿನಗುಂಡಿ, ಜಡ್ಕಲ್ ಕಡೆಯ ಬೆಳ್ಕಲ್ ತೀರ್ಥ, ಬೈಂದೂರಿನತ್ತಣ ಕೂಸಳ್ಳಿ ಇವೆಲ್ಲವೂ ಹೀಗೆ ಹುಟ್ಟಿದ ಜಲಪಾತಗಳು.

ಇವನ್ನು ನೋಡಹೋಗುವವರು ‘ಪುರಾತನವಾದ ಕಾಡು’ ಎನ್ನುವುದುಂಟು. ಯಾವುದು ಎಷ್ಟು ಪುರಾತನ? ಕೊಡಚಾದ್ರಿಯ ಶಿಲೆಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಆದರೆ ಘಟ್ಟದ ಕಡಿದಾದ ಗೋಡೆಯ ಕತೆ ಅಷ್ಟು ಹಳೆಯದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದ ಪಶ್ಚಿಮದ ಅಂಚಿನಿಂದ ಬೇರ್ಪಟ್ಟ ಮೇಲೆ, ಒಡೆದ ಆ ಅಂಚನ್ನು ಹೊಳೆಗಳು ಕೊರೆಯುತ್ತ ಪೂರ್ವಕ್ಕೆ ಸರಿಸಿದುವು. ಜಲಪಾತಗಳು ಇಂದಿಗೂ ಅದೇ ಕೆಲಸದಲ್ಲಿ ತೊಡಗಿವೆ. ಕಾಡಿನ ವಂಶವೂ ದೀರ್ಘವಾದುದೇ. ನಮ್ಮವರು ಹೊಗೆ ಹಾಕುವ ಧೂಪದ ಅಂಟು ಯಾವ ಮರದ್ದೋ, ಅದೇ ಕುಟುಂಬದ ಮರಗಳ ಅಂಟು ಕಲ್ಲಾಗಿ ಗುಜರಾತದ ಲಿಗ್ನೈಟ್ ಗಣಿಗಳಲ್ಲಿ ದೊರೆತಿದೆ; ಅದರೊಳಗೆ ಸಿಕ್ಕಿಕೊಂಡ ಕೀಟಗಳೂ ಕೆಡದೆ ಉಳಿದಿವೆ. ಅದರ ವಯಸ್ಸು ಸುಮಾರು 5 ಕೋಟಿ ವರ್ಷ. ಇಂದು ಗುಜರಾತದ ಆ ನೆಲದಲ್ಲಿ ಅಂತಹ ಕಾಡಿಲ್ಲ. ಘಟ್ಟದ ಮಳೆಯ ಆಶ್ರಯದಲ್ಲಿ ಇಲ್ಲಿ ಉಳಿದುಕೊಂಡಿದೆ.

ಇನ್ನು ನೀರಿನ ವಿಚಾರ. ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಗಾಳಿಯು ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ತಂಪಾಗಿ ಮಳೆ ಸುರಿಸುತ್ತದೆ. ಕುಂದಾಪುರದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆಯಾದರೆ, ಘಟ್ಟದ ಮೇಲಣ ಆಗುಂಬೆಯಲ್ಲಿ 7000ಕ್ಕೂ ಮಿಕ್ಕಿ ಬೀಳುವುದು. ಅದರ ಬಹುಪಾಲು ನಾಲ್ಕೇ ತಿಂಗಳ ಮಳೆ. ಹಾಗಿದ್ದರೆ ಮಾಘಮಾಸದಲ್ಲಿಯೂ ಕಾಡಿನ ತೊರೆಗಳಲ್ಲಿ ನೀರು ಎಲ್ಲಿಂದ ಬರುತ್ತದೆ?

ಉತ್ತರವು ಕಾಲ ಕೆಳಗೇ ಇದೆ. ಕಾಡಿನ ನೆಲದ ತರಗೆಲೆಯನ್ನು ಕೈಯಿಂದ ಸರಿಸಿ ನೋಡಿರಿ. ಮೇಲೆ ಒಣ ಎಲೆ, ಕೆಳಗೆ ಕೊಳೆತ ಎಲೆ, ಅದರಡಿ ಕಪ್ಪು ಮಣ್ಣು. ಅದರ ತುಂಬ ಬೇರುಗಳೂ ಎರೆಹುಳುಗಳೂ ಗೆದ್ದಲೂ ಕೊರೆದ ಅಸಂಖ್ಯ ರಂಧ್ರಗಳು. ಮಳೆಹನಿಯು ಮೊದಲು ಎಲೆಗಳ ಮೇಲೆ ಬಿದ್ದು ತನ್ನ ಬಿರುಸನ್ನು ಕಳೆದುಕೊಳ್ಳುತ್ತದೆ. ಬಳಿಕ ಈ ರಂಧ್ರಗಳಲ್ಲಿ ಇಳಿದು, ಶಿಲೆಯ ಬಿರುಕುಗಳನ್ನು ಸೇರಿ, ತಿಂಗಳುಗಟ್ಟಲೆ ತಡೆದು ಒಸರುತ್ತದೆ. ಮರಗಳು ಮಳೆಯ ನೀರಿನಲ್ಲಿ ತಮ್ಮ ಪಾಲನ್ನು ಕುಡಿದು ಆವಿಯಾಗಿ ಬಿಡುವುದೂ ನಿಜವೇ. ಕಾಡು ನೀರನ್ನು ಸೃಷ್ಟಿಸುವುದಿಲ್ಲ, ಕಾಲವನ್ನು ಹಂಚಿಕೊಡುತ್ತದೆ ಅಷ್ಟೆ. ಉತ್ತರ ಕನ್ನಡದಲ್ಲಿ ನೀರು ಮಣ್ಣಿಗೆ ಇಳಿಯುವ ವೇಗವನ್ನು ಅಳೆದು ನೋಡಿದಾಗ, ದನಕರುಗಳೂ ಜನರೂ ತುಳಿದು ಸೊಪ್ಪು ಸವರಿದ ಕಾಡಿನಲ್ಲಿ ಅದು ಒಳ್ಳೆಯ ಕಾಡಿಗಿಂತ ಕಡಿಮೆಯೆಂದು ಕಂಡುಬಂದಿದೆ. ಇಂಗದ ನೀರು ಮಳೆಗಾಲದಲ್ಲಿ ಕೆಂಪು ಪ್ರವಾಹವಾಗಿ ಒಮ್ಮೆಗೇ ಗಂಗೊಳ್ಳಿಯ ಅಳಿವೆ ಸೇರುವುದು. ಬೇಸಿಗೆಯಲ್ಲಿ ಬಾವಿ ಬತ್ತುವುದು.

ಆದುದರಿಂದ ಜಲಪಾತಕ್ಕೆ ಹೋಗುವವನು ಎಲ್ಲಿ ಹೆಜ್ಜೆಯಿಡುತ್ತಾನೆಂಬುದು ಸಣ್ಣ ಮಾತಲ್ಲ. ಒಬ್ಬನ ಹೆಜ್ಜೆಯಿಂದ ಕೆಡುವುದು ಅಲ್ಪ. ದಿನವೂ ನೂರಾರು ಜನ ನಡೆದರೆ ರಂಧ್ರಗಳು ಮುಚ್ಚಿ ಮಣ್ಣು ಗಟ್ಟಿಯಾಗುತ್ತದೆ, ದಾರಿಯೇ ಕಾಲುವೆಯಾಗಿ ಮಣ್ಣನ್ನು ಕೊಚ್ಚುತ್ತದೆ. ಕೆಸರು ತಪ್ಪಿಸಲು ಜನ ಬದಿಗೆ ಸರಿದು ಎರಡನೆಯ ದಾರಿ ಮಾಡುತ್ತಾರೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಡೈನ್‌ಟ್ರೀ ಮಳೆಕಾಡಿನಲ್ಲಿ ನೆಲದಿಂದ ಮೇಲೆತ್ತಿದ ಹಲಗೆದಾರಿಗಳನ್ನು ಹಾಕಿರುವುದು ಈ ಕಾರಣದಿಂದ. ನಮ್ಮಲ್ಲಿ ಜೋಯಿಡಾ ತಾಲೂಕಿನ ಕುವೇಶಿಯಲ್ಲಿ ಅರಣ್ಯ ಇಲಾಖೆಯು ಮರಗಳ ನಡುವೆ ಸುಮಾರು 30 ಅಡಿ ಎತ್ತರದ ತೂಗುದಾರಿಯನ್ನು ಕಟ್ಟಿಸಿತು. ಅಂತಹ ದಾರಿ ಇನ್ನೊಂದು ಲಾಭವನ್ನೂ ಕೊಡುತ್ತದೆ. ದಟ್ಟ ಕಾಡಿನ ನೆಲಕ್ಕೆ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ಇಳಿಯುವುದರಿಂದ ಹೂವು, ಹಣ್ಣು, ಹಕ್ಕಿ, ಸಿಂಗಳೀಕ ಎಲ್ಲವೂ ಮೇಲೆಯೇ ಇರುತ್ತವೆ. ಕೆಳಗೆ ನಡೆಯುವವನಿಗೆ ದೊರೆಯುವುದು ಉಂಬಳಗಳ ಸತ್ಕಾರ! ಆದರೂ ಎಲ್ಲ ಕಡೆಗೂ ತೂಗುದಾರಿ ಬೇಕೆಂದು ನನಗೆ ತೋರುವುದಿಲ್ಲ. ಇರುವ ಒಂದೇ ಕಾಲುದಾರಿಯನ್ನು ಬಿಡದೆ ನಡೆದರೆ ಹೆಚ್ಚಿನ ಕಡೆ ಅದೇ ಸಾಕು.

ಜಲಪಾತದ ಬುಡದಲ್ಲಿ ಮಾತ್ರ ಬೇರೆ ಎಚ್ಚರ ಬೇಕು. 2023ರ ಜುಲೈಯಲ್ಲಿ ಅರಸಿನಗುಂಡಿಯಲ್ಲಿ ತರುಣನೊಬ್ಬನು ಬಂಡೆಯಿಂದ ಜಾರಿ ಪ್ರವಾಹದ ಪಾಲಾದನು. ಸದಾ ಒದ್ದೆಯಾದ ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಹಬ್ಬಿರುತ್ತದೆ. ಪಾದವೂ ಕಲ್ಲೂ ಒಂದನ್ನೊಂದು ಹಿಡಿಯಲಾರವು. ಗುಂಡಿಯ ಆಳವನ್ನೂ ಮೇಲಿನಿಂದ ಊಹಿಸಲಾಗದು. ಸುಳಿಯಲ್ಲಿ ತಿರುಗುವ ಕಲ್ಲುಗಳು ಒರಳಿನ ಗುಂಡಿನಂತೆ ಬಂಡೆಯನ್ನು ಅರೆದು ಆಳವಾದ ಕುಳಿಗಳನ್ನು ಮಾಡಿರುತ್ತವೆ. ಕೆಳಗೆ ಬಿಸಿಲಿದ್ದಾಗಲೂ ಶಿಖರದಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿನೀರು ಒಮ್ಮೆಗೇ ಕದಡಿದರೆ, ತರಗೆಲೆ ಕಡ್ಡಿಗಳು ತೇಲಿಬಂದರೆ, ನೀರಿನ ಸದ್ದು ಗಡುಸಾದರೆ ತಡಮಾಡದೆ ದಡದ ಎತ್ತರಕ್ಕೆ ಏರಬೇಕು.

ಕೊಲ್ಲೂರಿನ ಸುತ್ತಣ ಕಾಡು 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಧಾಮಕ್ಕೆ ಸೇರಿದೆ. ಹೋಗುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ಮಳೆಯ ಅಬ್ಬರ ಇಳಿದ ನವೆಂಬರ್, ಡಿಸೆಂಬರ್ ತಿಂಗಳುಗಳು ಇದಕ್ಕೆ ತಕ್ಕ ಕಾಲ. ಆಗ ಬೀಳುವ ನೀರೆಲ್ಲವೂ ಮಣ್ಣಿನೊಳಗಿಂದ ಬಂದದ್ದೇ ಆಗಿರುತ್ತದೆ.