ಮುಟ್ಟದೆ ಸಾಕುವ ಜೀವ

ಟರಾಂಟುಲಾ ಸಾಕಲು ಹೊರಟವರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ. ಈ ಜೇಡಗಳ ಒಡನಾಟ ನನಗೆ ಕಲಿಸಿದ್ದು ಬೇರೆ: ಮೊದಲು ವಿಚಾರಿಸಬೇಕಾದದ್ದು ಅದರ ಆಯುಸ್ಸನ್ನು, ಹುಟ್ಟಿದ ಜಾಗವನ್ನು. ಮೆಕ್ಸಿಕೊದ ಪೆಸಿಫಿಕ್ ಕರಾವಳಿಯ ಕೆಂಪು ಮಂಡಿಯ ಜೇಡವನ್ನೇ ನೋಡಿ. ನಿಧಾನದ ಪ್ರಾಣಿ, ಬಿಲದ ಬಾಯಿ ಬಿಟ್ಟು ದೂರ ಹೋಗದು. ಹೆದರಿದರೆ ಕಚ್ಚುವುದು ಅಪರೂಪ, ಹೊಟ್ಟೆಯ ಮೇಲಿನ ತುರಿಕೆ ರೋಮವನ್ನು ಹಿಂಗಾಲಿನಿಂದ ಕೆದರಿ ಎರಚುತ್ತದೆ. ಹೊಸಬರಿಗೆ ಹೇಳಿ ಮಾಡಿಸಿದ್ದು. ಆದರೆ ಹೆಣ್ಣಾದರೆ 20 ವರ್ಷ ಮೀರಿ ಬದುಕುತ್ತದೆ. ಗಂಡು ಪ್ರಾಯಕ್ಕೆ ಬಂದ ಮೇಲೆ ಒಂದೆರಡು ವರ್ಷ ಇದ್ದರೆ ಹೆಚ್ಚು. ಕಾಡಿನಿಂದ ಹಿಡಿದು ಮಾರುವ ವ್ಯಾಪಾರಕ್ಕೆ ಲಗಾಮು ಹಾಕಲು 1985ರಲ್ಲೇ ಅದನ್ನು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಬೇಕಾಯಿತು. ಭಾರತದಲ್ಲೂ 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಇಂಥ ಪಟ್ಟಿಯ ಪ್ರಾಣಿ ಇಟ್ಟುಕೊಂಡವರು ನೋಂದಾಯಿಸಲೇಬೇಕು. ಸಾಕಣೆಯಲ್ಲೇ ಹುಟ್ಟಿದ, ಕಾಗದಪತ್ರ ಸರಿಯಿರುವ ಮರಿ ಸಿಗದಿದ್ದರೆ ಆಸೆ ಬಿಡುವುದೇ ಸರಿ ಎಂಬುದು ನನ್ನ ನಿಲುವು.

ದೂರದ ಮೆಕ್ಸಿಕೊ ಏಕೆ, ನಮ್ಮ ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲೇ ಇವೆಯಲ್ಲ ಎನ್ನಬಹುದು. ಇವೆ, ಇಂಗ್ಲಿಷಿನಲ್ಲಿ ಮೈಸೂರಿನ ಹೆಸರು ಹೊತ್ತಿರುವ ಪೊಯೆಸಿಲೋಥೀರಿಯಾ ಸ್ಟ್ರಯೇಟಾ ಅಂಥದ್ದೇ. ಈ ಕುಲದ ಜೇಡಗಳಿಗೆ ಎರಚಲು ರೋಮವಿಲ್ಲ, ಓಟ ಮತ್ತು ಕಡಿತವೇ ಅವುಗಳ ರಕ್ಷಣೆ; ಕಚ್ಚಿದರೆ ಸ್ನಾಯುಸೆಳೆತ ದಿನಗಟ್ಟಲೆ ಕಾಡುವುದುಂಟು. ಅದಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಹಳೆಯ ಮರ ಉರುಳಿದಂತೆಲ್ಲ ಅವುಗಳ ಮನೆ ಹೋಗುತ್ತಿದೆ. 2019ರಲ್ಲಿ ಇಡೀ ಕುಲವೇ ಸೈಟಿಸ್ ಪಟ್ಟಿ ಸೇರಿತು. ಉಳಿದವನ್ನು ನಾವು ಡಬ್ಬಿಗೆ ಹಾಕಿ ತರಬಾರದು.

ಕೈಗೆತ್ತಿಕೊಳ್ಳಲಾಗದ ಪ್ರಾಣಿ ಸಾಕಿ ಏನು ಸುಖ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಅಂಗೈಯಲ್ಲಿ ಕೂತ ಜೇಡ ಪಳಗಿದೆ ಎಂದುಕೊಳ್ಳುವುದು ನಮ್ಮ ಆಸೆ ಅಷ್ಟೆ. ಅದಕ್ಕೆ ಅಂಗೈಯೂ ನೆಲವೂ ಒಂದೇ. ಅಲ್ಲಿಂದ ಕೆಳಗೆ ಬಿದ್ದರೆ ತೆಳು ಹೊಟ್ಟೆ ಒಡೆದು ಸಾಯಬಹುದು. ಪೆಟ್ಟಿಗೆಯಲ್ಲಿ ಮಣ್ಣು ಆಳವಾಗಿರಬೇಕು, ಮೇಲಿನ ಖಾಲಿ ಜಾಗ ಕಡಿಮೆಯಿರಬೇಕು ಎನ್ನುವುದೂ ಇದೇ ಕಾರಣಕ್ಕೆ. ನೀರಿನ ತಟ್ಟೆ ಬರಿದಾಗದಿದ್ದರೆ, ವಾರಕ್ಕೊಂದೆರಡು ಚಿಮ್ಮಂಡೆ ಸಿಕ್ಕರೆ ಬೆಳೆದ ಜೇಡಕ್ಕೆ ಸಾಕು.

ಸುಖ ಇರುವುದು ನೋಡುವುದರಲ್ಲಿ, ಅದರಲ್ಲೂ ಅದು ಪೊರೆ ಬಿಡುವಾಗ. ವಾರಗಟ್ಟಲೆ ಉಣ್ಣದೆ ಕೂತ ಜೇಡ ಒಂದು ದಿನ ಬೆನ್ನಡಿಯಾಗಿ ಮಲಗುತ್ತದೆ. ಸತ್ತಿತೆಂದು ಹೊರಳಿಸಿದರೆ ಆಗಲೇ ಸಾಯಬಹುದು. ನಿಜಕ್ಕೂ ಹೆದರಬೇಕಾದದ್ದು ನೆಟ್ಟಗೆ ಕೂತು ಕಾಲುಗಳನ್ನು ಹೊಟ್ಟೆಯಡಿಗೆ ಮುದುರಿಕೊಂಡಾಗ: ಟರಾಂಟುಲಾ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ, ನೀರು ಬತ್ತಿದರೆ ಆ ಒತ್ತಡ ಉಳಿಯದು. ಬೆನ್ನ ಮೇಲೆ ಮಲಗಿದ್ದನ್ನು ಮಾತ್ರ ಹಾಗೇ ಬಿಡಬೇಕು. ಒಳಗಿರುವ ಚಿಮ್ಮಂಡೆಯನ್ನು ತೆಗೆಯಬೇಕು, ಇಲ್ಲದಿದ್ದರೆ ಮೆತ್ತಗಿರುವ ಜೇಡವನ್ನೇ ಅದು ಕಡಿಯುತ್ತದೆ. ಹೊಸ ಕೋರೆಗಳು ಬಿಳಿಯಾಗಿರುತ್ತವೆ, ಆಮೇಲೆ ಕೆಂಪಾಗುತ್ತವೆ. ಅವು ಪೂರ್ತಿ ಕಪ್ಪಾದ ಮೇಲೆಯೇ ಮುಂದಿನ ಊಟ.